ಉತಾರ ಯಾರಿಗಾಗಿ?

ಕಲಘಟಗಿಯ ತೊಟ್ಟಿಲು ನಾಡಿಗೆಲ್ಲ ಹೆಸರಾದುದು. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಸುತ್ತಲೂ ಚಿತ್ರಗಳು. ಹುಬ್ಬಳ್ಳಿಯಿಂದ ಕಾರವಾರಕ್ಕೆ ಹೋಗುವ ದಾರಿಯಲ್ಲಿ, ಮಲೆನಾಡಿನ ಸೆರಗಿನಲ್ಲಿರುವ ಈ ಊರಿಗೆ ಜನ ದೂರದಿಂದ ಬಂದು ತೊಟ್ಟಿಲನ್ನು ಹೇಳಿ ಮಾಡಿಸಿಕೊಂಡು ಹೋಗುತ್ತಾರೆ. ‘ಹೇಳಿ ಮಾಡಿಸುವುದು’ ಎಂಬ ಮಾತನ್ನು ವಾಚಕರು ತುಸು ಗಮನಿಸಬೇಕು. ರಾಮಾಯಣದ ಚಿತ್ರವೋ, ಕೃಷ್ಣನ ಬಾಲಲೀಲೆಯೋ, ಬರಿಯ ಹೂಬಳ್ಳಿಯೋ ಎಂಬುದು ಮಾಡಿಸುವ ಮನೆತನದ ನಡೆವಳಿಕೆಗೆ ಬಿಟ್ಟುದು. ಮಲಗುವ ಕೂಸಿಗೆ ಮಾತು ಬಾರದಿದ್ದರೂ ಅದರ ಪರವಾಗಿ ಆಡಲು ತಾಯಿಯೋ ಅಜ್ಜಿಯೋ ಇದ್ದೇ ಇರುತ್ತಾರೆ. ಬಳಸುವವರ ಬೇಕು-ಬೇಡಗಳು ಮಾಡುವವನ ಕಿವಿಗೆ ನೇರವಾಗಿ ಬೀಳುತ್ತವೆ.

ಎಲ್ಲ ವಸ್ತುಗಳಿಗೂ ಈ ಭಾಗ್ಯವಿಲ್ಲ. ಸರಕಾರಿ ಕಚೇರಿಯ ಅರ್ಜಿ, ಲೆಕ್ಕದ ವಹಿ, ಈಚಿನ ಗಣಕಯಂತ್ರ - ಇವನ್ನು ಹೇಳಿ ಮಾಡಿಸುವವರು ಒಬ್ಬರು, ದಿನವೂ ಅದರ ಮುಂದೆ ನಿಲ್ಲಬೇಕಾದವರು ಮತ್ತೊಬ್ಬರು. ಮಾಡಿಸುವ ಮೊದಲು ಬರೆದಿಡುವ ಬೇಕು-ಬೇಡಗಳ ಪಟ್ಟಿಯಲ್ಲಿ ಈ ಎರಡನೆಯವರ ಮಾತು ಸೇರಿದೆಯೋ ಇಲ್ಲವೋ ಎಂಬುದರ ಮೇಲೆ ಯಂತ್ರದ ಗುಣಾವಗುಣವೆಲ್ಲ ನಿಂತಿರುತ್ತದೆ. ಇದು ಎಂಜಿನಿಯರರ ಚರ್ಚೆ, ಕನ್ನಡ ಪಾಠ ಹೇಳುವವನಿಗೇಕೆ ಎಂದು ಯಾರಾದರೂ ಕೇಳಬಹುದು. ಆದರೆ ನಮ್ಮ ಭಾಗದ ಒಕ್ಕಲು ಮಕ್ಕಳು ಮನೆಯ ಉತಾರವನ್ನು ಹಿಡಿದುಕೊಂಡು ಬಂದು, “ಸರ್, ಇದರೊಳಗ ಏನ್ ಬರದೈತ್ರಿ?” ಎಂದು ಕೇಳುವುದುಂಟು. ಕನ್ನಡದಲ್ಲಿಯೇ ಅಚ್ಚಾದ ಕಾಗದವನ್ನು ಕನ್ನಡ ಬಲ್ಲ ಹುಡುಗ ಓದಲಾರದೆ ಹೋದರೆ ಅದು ಕನ್ನಡ ಅಧ್ಯಾಪಕನ ಚಿಂತೆಯೂ ಹೌದು. ಆದುದರಿಂದ ಉತಾರದ, ಎಂದರೆ ಪಹಣಿಯ, ಕಥೆಯನ್ನು ಇಲ್ಲಿ ಹೇಳಲು ಹೊರಟಿದ್ದೇನೆ.

ಕುಲಕರ್ಣಿಯ ದಫ್ತರ

1818ರಲ್ಲಿ ಪೇಶವೆಯ ಆಳಿಕೆ ಮುಗಿದು ಧಾರವಾಡ ಸೀಮೆ ಕಂಪನಿಯ ಕೈಗೆ ಬಂದಿತು. ಆಗ ಊರಿನ ಹೊಲಗಳ ಲೆಕ್ಕವೆಲ್ಲ ಕುಲಕರ್ಣಿಯ ದಫ್ತರದಲ್ಲಿ ಇರುತ್ತಿದ್ದಿತು. ಪೇಶವೆ ಕಾಲದ ಲೆಕ್ಕಪತ್ರಗಳ ಲಿಪಿ ಮೋಡಿ. ಕೈ ಎತ್ತದೆ ಬೇಗ ಬರೆಯುವುದಕ್ಕೆ ಅನುಕೂಲವಾದ ಆ ಲಿಪಿ, ಓದುವುದಕ್ಕೆ ಪಳಗಿದ ಕಣ್ಣನ್ನೇ ಬೇಡುತ್ತದೆ. ಬರೆಯುವವನ ಸೌಕರ್ಯಕ್ಕಾಗಿ ಹುಟ್ಟಿದ ಲಿಪಿ ಅದು. ಯಾವನ ಹೊಲದ ಲೆಕ್ಕವೋ ಅವನಿಗೆ ಅದು ಗೆರೆಗಳ ಗೋಜಲು. ಹೊಲದವನು ಕುಲಕರ್ಣಿಯ ಬಾಯಿಂದಲೇ ತನ್ನ ಲೆಕ್ಕವನ್ನು ಕೇಳಬೇಕಾಗಿದ್ದಿತು.

ಅನಂತರ ಮುಂಬಯಿ ಪ್ರಾಂತದಲ್ಲಿ ದೊಡ್ಡ ಮೋಜಣಿ ನಡೆಯಿತು. ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಎಂಬ ಅಧಿಕಾರಿಗಳು 1847ರಲ್ಲಿ ಸಲ್ಲಿಸಿದ ಜಂಟಿ ವರದಿಯೇ ಅದರ ನಿಯಮಗ್ರಂಥವಾಯಿತು. 33 ಅಡಿಯ ಸರಪಳಿ. ಸರಪಳಿಯ ಚೌಕ ಒಂದು ಗುಂಟೆ. 40 ಗುಂಟೆ ಒಂದು ಎಕರೆ. ಮಣ್ಣಿನ ಗುಣಕ್ಕೆ ಆಣೆಯ ಲೆಕ್ಕ, ಹೊಲದ ಮೂಲೆಗೆ ಬಾಂದುಕಲ್ಲು, ಪ್ರತಿಯೊಂದು ಹೊಲಕ್ಕೂ ಸರ್ವೆ ನಂಬರು, ಮೂವತ್ತು ವರ್ಷಕ್ಕೆ ಒಮ್ಮೆ ಕಂದಾಯದ ಗೊತ್ತುವಳಿ. ಈ ಏರ್ಪಾಡಿನ ಅಚ್ಚುಕಟ್ಟನ್ನು ಮೆಚ್ಚದಿರಲಾಗದು; ಇಂದಿಗೂ ನಮ್ಮ ಹೊಲಗಳು ಸರ್ವೆ ನಂಬರುಗಳಿಂದಲೇ ಗುರುತಾಗುತ್ತವೆ.

ಆದರೆ ಅದರ ವಹಿಗಳು ಮೊದಲು ಕೇಳಿದ ಪ್ರಶ್ನೆ ಯಾವುದು? ‘ಈ ಹೊಲದ ಕಂದಾಯವನ್ನು ಯಾರಿಂದ ವಸೂಲು ಮಾಡಬೇಕು?’ ಎಂಬುದು. ‘ಈ ಹೊಲದಲ್ಲಿ ಯಾರು ಯಾರಿಗೆ ಏನೇನು ಹಕ್ಕಿದೆ?’ ಎಂಬ ಪ್ರಶ್ನೆಗೆ ಮುಂಬಯಿ ಸರಕಾರ ಬೇರೆ ಕಾಯಿದೆಯನ್ನೇ ಮಾಡಬೇಕಾಯಿತು; ಅದು ಬಂದುದು 1903ರಲ್ಲಿ. ಜಂಟಿ ವರದಿಗೂ ಈ ಹಕ್ಕುದಾಖಲೆಯ ಕಾಯಿದೆಗೂ ನಡುವೆ ಐವತ್ತಾರು ವರ್ಷಗಳ ಅಂತರ. ಅಧಿಕಾರಿಗಳ ದುರುದ್ದೇಶವನ್ನು ಇದಕ್ಕೆ ಕಾರಣವಾಗಿ ಹೇಳಬೇಕಾಗಿಲ್ಲ. ವಹಿಯನ್ನು ಹೇಳಿ ಮಾಡಿಸಿದವರು ಖಜಾನೆಯವರು. ಅವರಿಗೆ ಬೇಕಾದ ಪ್ರಶ್ನೆಗಳು ಅದರಲ್ಲಿ ಮೊದಲು ಬಂದವು.

ಹಕ್ಕಿನ ದಾಖಲೆಯೂ ಪೈರಿನ ದಾಖಲೆಯೂ ಏಳು ಮತ್ತು ಹನ್ನೆರಡನೆಯ ನಮೂನೆಗಳಲ್ಲಿ ಇದ್ದುದರಿಂದ ಮರಾಠಿಗರು ಇದನ್ನು ‘ಸಾತ್-ಬಾರಾ’ ಎಂದರು. ದಫ್ತರದಿಂದ ಇಳಿಸಿಕೊಂಡ ಪ್ರತಿಯಾದುದರಿಂದ ಅದು ‘ಉತಾರ’ವಾಯಿತು. 1956ರಲ್ಲಿ ನಾವು ಮೈಸೂರು ರಾಜ್ಯವನ್ನು ಸೇರಿದೆವು. 1964ರ ಭೂಕಂದಾಯ ಕಾಯಿದೆ ಇಡೀ ರಾಜ್ಯಕ್ಕೆ ಒಂದೇ ಆಯಿತು. ಪಹಣಿಯೆಂಬ ಹೆಸರು ಕಚೇರಿಗಳಲ್ಲಿ ನೆಲೆಸಿತು. ನಮ್ಮ ಕಡೆಯ ಬಾಯಲ್ಲಿ ಮಾತ್ರ ಉತಾರ ಉತಾರವಾಗಿಯೇ ಉಳಿದಿದೆ.

ಒಂದು ಅಂಕಣದ ಬೆಲೆ

1950ರ ಮುಂಬಯಿ ಕಾಯಿದೆಯಿಂದ ಕುಲಕರ್ಣಿ ವತನ ರದ್ದಾಗಿ ತಲಾಟಿಯ ಕಾಲ ಬಂದಿತು. ಮುಂದೆ ಅವನೇ ಗ್ರಾಮಲೆಕ್ಕಿಗನಾದನು. ವಂಶಪಾರಂಪರ್ಯ ಹೋಯಿತು, ಸಂಬಳ ಬಂದಿತು. ಆದರೆ ದಫ್ತರ ಒಬ್ಬನ ಬಗಲಲ್ಲಿ ಇರುವುದು ತಪ್ಪಲಿಲ್ಲ. ಆ ದಫ್ತರದ ಒಂದು ಗೆರೆ ಏನು ಮಾಡಬಲ್ಲುದೆಂಬುದನ್ನು ಕರ್ನಾಟಕ 1974ರ ಬಳಿಕ ಕಣ್ಣಾರೆ ಕಂಡಿತು.

ದೇವರಾಜ ಅರಸರ ಸರಕಾರ ತಿದ್ದಿದ ಭೂಸುಧಾರಣೆಯ ಕಾಯಿದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿದಾರನು ಏಳನೆಯ ನಮೂನೆಯಲ್ಲಿ ಅರ್ಜಿ ಕೊಡಬೇಕು. ಭೂನ್ಯಾಯಮಂಡಳಿ ವಿಚಾರಣೆ ನಡೆಸಬೇಕು. ಉಳುತ್ತಿದ್ದುದು ನಿಜವಾದರೆ ಹೊಲ ಅವನದು. ಉಳುತ್ತಿದ್ದುದು ನಿಜವೆಂಬುದಕ್ಕೆ ಸಾಕ್ಷಿ ಏನು? ಪಹಣಿಯ ಒಂಬತ್ತನೆಯ ಅಂಕಣದಲ್ಲಿ ಒಡೆಯನ ಹೆಸರು, ಹನ್ನೆರಡನೆಯದರಲ್ಲಿ ಸಾಗುವಳಿ ಮಾಡುವವನ ಹೆಸರು. ಹನ್ನೆರಡರಲ್ಲಿ ಹೆಸರಿದ್ದವನ ಕೈಯಲ್ಲಿ ಬಲವಾದ ದಾಖಲೆ ಇದ್ದಿತು. ವರ್ಷಗಟ್ಟಲೆ ಉತ್ತು ಬಿತ್ತಿದ್ದರೂ ಆ ಅಂಕಣದಲ್ಲಿ ‘ಖುದ್ದು’ ಎಂದು ಒಡೆಯನ ಸಾಗುವಳಿಯೇ ನಮೂದಾಗಿದ್ದವನು ನೆರೆಹೊರೆಯವರ ಬಾಯಿಮಾತನ್ನು ನೆಚ್ಚಬೇಕಾಯಿತು. ತನ್ನ ಹೆಸರು ಅಲ್ಲಿ ಇದೆಯೋ ಇಲ್ಲವೋ ಎಂದು ನೋಡುವ ದಾರಿಯೇ ಅವನಿಗೆ ಇದ್ದಿಲ್ಲ. ವಹಿ ಅವನ ಜೀವನವನ್ನು ಕುರಿತದ್ದು. ಆದರೆ ಅವನು ಅದರ ಓದುಗನೆಂದು ವಹಿಯನ್ನು ಮಾಡಿದವರಿಗೆ ಹೊಳೆದಿರಲಿಲ್ಲ.

ಎರಡನೆಯ ಪರದೆ

ಈ ಹಿನ್ನೆಲೆಯಲ್ಲಿ ‘ಭೂಮಿ’ ಯೋಜನೆಯನ್ನು ನೋಡಬೇಕು. ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಕೈಬರಹದ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸುವ ಕೆಲಸವನ್ನು ಕಂದಾಯ ಇಲಾಖೆ ಗಟ್ಟಿಯಾಗಿ ಕೈಗೆತ್ತಿಕೊಂಡಿತು. ಇಲಾಖೆಯ ಪರವಾಗಿ ಮುಂದೆ ನಿಂತವರು ರಾಜೀವ್ ಚಾವ್ಲಾ ಎಂಬ ಅಧಿಕಾರಿ. ತಂತ್ರಾಂಶವನ್ನು ಬರೆದವರು ರಾಷ್ಟ್ರೀಯ ಮಾಹಿತಿ ಕೇಂದ್ರದ ಬೆಂಗಳೂರು ಶಾಖೆಯವರು. 2002ರ ಹೊತ್ತಿಗೆ ಆಗಿನ 177 ತಾಲೂಕುಗಳಲ್ಲಿಯೂ ಭೂಮಿ ಕೇಂದ್ರಗಳು ತೆರೆದವು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಯಂತ್ರಕ್ಕೆ ಏರಿದವು. 15 ರೂಪಾಯಿ ಕೊಟ್ಟು ಸರ್ವೆ ನಂಬರು ಹೇಳಿದರೆ ಉತಾರ ಅಚ್ಚಾಗಿ ಕೈಗೆ ಬರುವಂತಾಯಿತು. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ‘ಕಂಪ್ಯೂಟರ ಉತಾರ’ ಎಂದು ಹೆಸರು.

ಯಂತ್ರ ಬಂದುದರಿಂದಲೇ ಎಲ್ಲ ಸರಿಹೋಯಿತೆಂದು ತಿಳಿಯಬಾರದು. ಹಳೆಯ ವಹಿಯನ್ನು ಇದ್ದಕ್ಕಿದ್ದಂತೆ ಯಂತ್ರಕ್ಕೆ ತುಂಬಿದ್ದರೆ ಒಬ್ಬನ ಬಗಲಿನ ದಫ್ತರ ಇನ್ನೊಬ್ಬನ ಮೇಜಿನ ಪೆಟ್ಟಿಗೆಯಾಗುತ್ತಿದ್ದಿತು, ಅಷ್ಟೆ. ಈ ಯೋಜನೆಯ ನಿಜವಾದ ಹೆಚ್ಚುಗಾರಿಕೆ ಅದರ ಸಣ್ಣ ಸಣ್ಣ ಕಟ್ಟಳೆಗಳಲ್ಲಿದೆ. ಒಂದೊಂದು ಕಟ್ಟಳೆಯೂ ರೈತನ ಒಂದೊಂದು ಹಳೆಯ ದೂರಿಗೆ ಉತ್ತರವಾಗಿದೆ.

‘ಅರ್ಜಿ ಕೊಟ್ಟರೂ ನನ್ನ ಸರದಿ ಬರುವುದಿಲ್ಲ’ ಎಂಬುದು ಮೊದಲನೆಯ ದೂರು. ಖರೀದಿಯೋ ವಾಟ್ನಿಯೋ ವಾರಸಾವೋ ಆದಾಗ ಹೆಸರು ಬದಲಾಯಿಸುವ ಅರ್ಜಿಗಳನ್ನು ಯಂತ್ರ ಬಂದ ಸರದಿಯಲ್ಲಿಯೇ ಮುಂದಿಡುತ್ತದೆ; ಹಿಂದೆ ಬಂದುದನ್ನು ಮುಂದಕ್ಕೆ ಎಳೆಯಲು ಕಾರಕೂನನಿಗೆ ಆಸ್ಪದವಿಲ್ಲ. ‘ಯಾರು ತಿದ್ದಿದರೋ ತಿಳಿಯದು’ ಎಂಬುದು ಎರಡನೆಯದು. ಅಧಿಕಾರಿ ಬೆರಳಚ್ಚು ಒತ್ತಿಯೇ ಯಂತ್ರದೊಳಕ್ಕೆ ಹೋಗಬೇಕು. ‘ಅದು ನಾನಲ್ಲ’ ಎನ್ನುವಂತಿಲ್ಲ. ‘ಯಂತ್ರದಲ್ಲಿ ಒಂದು, ತಲಾಟಿಯ ವಹಿಯಲ್ಲಿ ಒಂದು’ ಎಂದಾಗಬಾರದಲ್ಲ? ಅದಕ್ಕೆಂದು, ಕೇಂದ್ರ ತೆರೆದ ತಾಲೂಕಿನಲ್ಲಿ ಕೈಬರಹದ ಪಹಣಿ ಕಾನೂನಿನಿಂದಲೇ ರದ್ದಾಯಿತು. ಈ ಕೊನೆಯದಕ್ಕೆ ಎದೆಗಾರಿಕೆ ಬೇಕಾಗಿದ್ದಿತು. ರಾಜ್ಯದಲ್ಲಿ ಆಗ ಸುಮಾರು 9,000 ಗ್ರಾಮಲೆಕ್ಕಿಗರಿದ್ದರು. ಅವರ ಕೈಯ ಲೇಖನಿಯನ್ನೇ ತೆಗೆದುಕೊಂಡಂತಾಯಿತು.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದುದು ಇನ್ನೊಂದು. ಭೂಮಿ ಕೇಂದ್ರದಲ್ಲಿ ಪರದೆಗಳು ಎರಡು. ಒಂದು ಕುಳಿತು ಕೆಲಸ ಮಾಡುವವನ ಕಡೆಗೆ. ಇನ್ನೊಂದು ಹೊರಗೆ ನಿಂತವನ ಕಡೆಗೆ. ಒಳಗಿನವನು ಏನನ್ನು ತೆರೆಯುತ್ತಾನೋ ಅದೇ ಹೊರಗಿನವನಿಗೂ ಕಾಣುತ್ತದೆ. ಬೆಲೆಯಲ್ಲಿ ಅದು ದೊಡ್ಡ ಮಾತಲ್ಲ. ಕುಳಿತವನ ಕೆಲಸಕ್ಕೆ ಅದರ ಅವಶ್ಯಕತೆಯೂ ಇಲ್ಲ. ಹಾಗಿದ್ದೂ ಅದು ಅಲ್ಲಿಗೆ ಬಂದಿತೆಂದರೆ, ನಿಂತವನನ್ನು ನೆನೆದವರೊಬ್ಬರು ಪಟ್ಟಿಯಲ್ಲಿ ಅದನ್ನು ಬರೆದಿರಬೇಕು. ಮೋಡಿ ಲಿಪಿಯ ಕಾಲದಿಂದ ದಫ್ತರದ ಬೆನ್ನನ್ನಷ್ಟೇ ನೋಡುತ್ತ ಬಂದ ಒಕ್ಕಲಿಗನಿಗೆ ಅದರ ಮುಖವನ್ನು ತಿರುಗಿಸಿ ತೋರಿಸಿದಂತಾಯಿತು.

ಹೊರನಾಡಿನ ಅನುಭವ

ಭೂಮಿ ಕೇಂದ್ರಗಳು ತೆರೆಯತೊಡಗಿದ ಕಾಲದಲ್ಲಿಯೇ, 1999ರಲ್ಲಿ, ಜಿನೀವಾದ ಅಂತರರಾಷ್ಟ್ರೀಯ ಮಾನಕ ಸಂಸ್ಥೆ 13407 ಎಂಬ ಸಂಖ್ಯೆಯ ಮಾನಕವನ್ನು ಹೊರಡಿಸಿತು. ಮನುಷ್ಯನೊಡನೆ ಕೊಡುಕೊಳ್ಳುವ ಯಂತ್ರಗಳನ್ನು ಮನುಷ್ಯನನ್ನು ನಡುವಿಟ್ಟು ರೂಪಿಸುವುದು ಹೇಗೆಂಬುದೇ ಅದರ ವಿಷಯ. 2010ರಲ್ಲಿ ಅದು 9241-210 ಎಂಬ ಹೊಸ ಸಂಖ್ಯೆಯಲ್ಲಿ ಬಂದಿತು. 2019ರಲ್ಲಿ ಮತ್ತೆ ತಿದ್ದುಪಡಿ ಕಂಡಿತು. ಅದರ ತಿರುಳು ನಾಲ್ಕು ಮಾತು: ಬಳಸುವವನು ಯಾರು, ಎಲ್ಲಿ, ಯಾವ ಸ್ಥಿತಿಯಲ್ಲಿ ಬಳಸುತ್ತಾನೆ ಎಂಬುದನ್ನು ತಿಳಿಯಿರಿ, ಅವನಿಗೆ ಬೇಕಾದುದನ್ನು ಬರೆದಿಡಿ, ಅದಕ್ಕೆ ತಕ್ಕಂತೆ ರೂಪಿಸಿರಿ, ರೂಪಿಸಿದುದನ್ನು ಬರೆದಿಟ್ಟುದರೊಡನೆ ಒರೆಹಚ್ಚಿ ನೋಡಿರಿ. ಸರಿಬಾರದಿದ್ದರೆ ಹಿಂದಿರುಗಿ ಮತ್ತೆ ತೊಡಗಿರಿ. ತೊಟ್ಟಿಲಿನವರಿಗೆ ಇದನ್ನು ಓದಿ ಹೇಳಿದರೆ, ‘ಇದರಾಗ ಹೊಸಾದೇನೈತ್ರಿ?’ ಎಂದಾರು. ಹೇಳುವವನೂ ಬಳಸುವವನೂ ಬೇರೆಯಾದ ಕಡೆ ಇದನ್ನು ಬರೆದು ಹೇಳಬೇಕಾಗುತ್ತದೆ, ಅಷ್ಟೆ.

ಬಳಸುವವರನ್ನು ಕರೆದು ಕೂಡಿಸಿಕೊಂಡ ಒಂದು ಹಳೆಯ ಪ್ರಯೋಗ ಪತ್ರಿಕೆಯ ವಾಚಕರಿಗೆ ರುಚಿಸಬಹುದು. 1981ರಿಂದ ನಾಲ್ಕೈದು ವರ್ಷ ಸ್ವೀಡನ್ ಮತ್ತು ಡೆನ್ಮಾರ್ಕಿನಲ್ಲಿ ‘ಯುಟೋಪಿಯಾ’ ಎಂಬ ಯೋಜನೆ ನಡೆಯಿತು. ವೃತ್ತಪತ್ರಿಕೆಯ ಪುಟ ಕಟ್ಟುವ ಕೆಲಸ ಮೊಳೆಯಿಂದ ಗಣಕಯಂತ್ರಕ್ಕೆ ಹೋಗುತ್ತಿದ್ದ ಕಾಲ ಅದು. ಮುದ್ರಣ ಕೆಲಸಗಾರರ ಸಂಘದವರೂ ಪೆಲ್ಲೆ ಎನ್ ಮೊದಲಾದ ವಿದ್ವಾಂಸರೂ ಒಟ್ಟಿಗೆ ಕುಳಿತರು. ಯಂತ್ರ ಇನ್ನೂ ಹುಟ್ಟಿರಲಿಲ್ಲ. ರಟ್ಟಿನ ಪೆಟ್ಟಿಗೆಗಳನ್ನೇ ಯಂತ್ರವೆಂದು ಮೇಜಿನ ಮೇಲಿಟ್ಟು, ಅವುಗಳ ಮುಂದೆ ಕೆಲಸದಂತೆ ನಟಿಸುತ್ತ, ‘ಇದು ಇಲ್ಲಿ ಬೇಡ, ಅಲ್ಲಿ ಇರಲಿ’ ಎಂದು ಕೆಲಸಗಾರರೇ ಹೇಳಿದರು. ಕಾಗದದ ಪಟ್ಟಿಗೆ ಬಾರದ ಎಷ್ಟೋ ಸಂಗತಿಗಳು ಕೈಯಾಡಿಸುವಾಗ ಹೊರಬಿದ್ದವು.

ನಮ್ಮಲ್ಲಿಯೂ ಇಂಥ ಒಳ್ಳೆಯ ನಿದರ್ಶನವಿದೆ. 1951ರ ಜನಗಣತಿಯಂತೆ ಭಾರತದಲ್ಲಿ ನೂರಕ್ಕೆ ಸುಮಾರು ಹದಿನೆಂಟು ಮಂದಿ ಅಕ್ಷರಸ್ಥರು. ಮೊದಲ ಮಹಾಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಅದರ ಮೇಲೆ ಚಿಹ್ನೆ. ಎತ್ತನ್ನೋ ಗುಡಿಸಲನ್ನೋ ನೋಡಿ ಚೀಟಿ ಹಾಕಿದರಾಯಿತು. ಮುಂದೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸಿನವರೂ ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ನಿನವರೂ ತಯಾರಿಸಿದ ಮತಯಂತ್ರ ಈ ಪರಂಪರೆಗೇ ಸೇರಿದುದು: ಚಿಹ್ನೆಯ ಪಕ್ಕದಲ್ಲಿ ಒಂದು ಗುಂಡಿ, ಒತ್ತಿದರೆ ಒಂದು ಕೆಂಪು ದೀಪ, ಒಂದು ಸದ್ದು. ವಿದ್ಯುತ್ತಿಲ್ಲದ ಊರೆಂದು ಬ್ಯಾಟರಿ. 1982ರಲ್ಲಿ ಕೇರಳದ ಪರೂರಿನಲ್ಲಿ ಮೊದಲು ಪರೀಕ್ಷೆಗೆ ಬಂದ ಅದು 2004ರಲ್ಲಿ ಇಡೀ ಲೋಕಸಭಾ ಚುನಾವಣೆಗೆ ಬಂದಿತು. ಆ ಯಂತ್ರದ ಮೇಲಿನ ರಾಜಕೀಯ ಚರ್ಚೆ ಬೇರೆ. ಹೆಬ್ಬೆಟ್ಟಿನ ಅಜ್ಜಿ ಯಾರ ನೆರವೂ ಇಲ್ಲದೆ ಅದರ ಮುಂದೆ ನಿಲ್ಲಬಲ್ಲಳೆಂಬುದು ನಮಗಿಲ್ಲಿ ಮುಖ್ಯ.

ಬಳಸುವವರನ್ನು ಚೆನ್ನಾಗಿ ನೆನೆದರೂ ಫಲಿಸದ ಕಥೆಯೂ ಒಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮೊದಲಾದವರು ಎನ್ಕೋರ್ ಕಂಪನಿಯವರೊಡನೆ ಕೂಡಿ 2001ರಲ್ಲಿ ‘ಸಿಂಪ್ಯೂಟರ್’ ಎಂಬ ಕೈಯಂತ್ರವನ್ನು ಹೊರತಂದರು. ಬರೆದುದನ್ನು ಕನ್ನಡದಲ್ಲಿ ಓದಿ ಹೇಳಬಲ್ಲ, ಒಂದು ಊರಿನವರೆಲ್ಲ ಚೀಟಿಯಂಥ ತಮ್ಮ ತಮ್ಮ ಕಾರ್ಡು ಹಾಕಿ ಹಂಚಿಕೊಂಡು ಬಳಸಬಲ್ಲ ಯಂತ್ರ ಅದು. ಆದರೆ ಅದನ್ನು ಹಳ್ಳಿಗಾಗಿ ಕೊಂಡು ತರುವವರು ಯಾರು? ಮಾರಾಟ ಕೆಲವೇ ಸಾವಿರಕ್ಕೆ ನಿಂತಿತು. ಬಳಸುವವರನ್ನು ನೆನೆದ ಪಟ್ಟಿಗೆ ಮಾಡಿಸುವವರು ಸಿಕ್ಕಲಿಲ್ಲ. ಭೂಮಿಯ ಅದೃಷ್ಟವೆಂದರೆ, ಅಲ್ಲಿ ಮಾಡಿಸುವ ಸರಕಾರವೇ ಕೆಲಹೊತ್ತು ನಿಂತವನ ಜಾಗದಲ್ಲಿ ನಿಂತು ನೋಡಿತು.

ಪಟ್ಟಿಯಲ್ಲಿ ಬಿಟ್ಟುಹೋದವರು

‘ಕೆಲಹೊತ್ತು’ ಎಂದುದಕ್ಕೆ ಕಾರಣವಿಲ್ಲದಿಲ್ಲ. ತಲಾಟಿಯ ದಫ್ತರ ಊರಲ್ಲಿಯೇ ಇದ್ದಿತು; ಭೂಮಿ ಕೇಂದ್ರ ತಾಲೂಕಿನ ಊರಲ್ಲಿ. ಒಂದು ದಿನದ ಕೂಲಿ, ಬಸ್ಸಿನ ಚಾರ್ಜು, ಸರದಿಯ ಸಾಲು - ಇವು 15 ರೂಪಾಯಿಯ ಲೆಕ್ಕಕ್ಕೆ ಬಾರದ ಖರ್ಚುಗಳು. ಹೋಬಳಿಗಳಲ್ಲಿ ‘ನೆಮ್ಮದಿ’ ಕೇಂದ್ರಗಳು ಬಂದು, ಅವು ಹೋಗಿ ನಾಡಕಚೇರಿಯ ಜನಸ್ನೇಹಿ ಕೇಂದ್ರಗಳು ತೆರೆದ ಮೇಲೆ ಈ ತೊಂದರೆ ಬಹುಮಟ್ಟಿಗೆ ತಗ್ಗಿತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಹನವಾದುದು. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಮುತ್ತಲ ಅನುಭವದಿಂದ, ಎಲ್ಲ ದಾಖಲೆಯೂ ಒಂದೆಡೆ ಸುಲಭವಾಗಿ ಸಿಗುವಂತಾದುದರ ಲಾಭ ದೊಡ್ಡ ಭೂವ್ಯವಹಾರದವರಿಗೇ ಹೆಚ್ಚು ಆಯಿತೆಂದು ವಾದಿಸಿದರು. ಪರದೆಯ ಮುಂದೆ ನಿಲ್ಲುವವರೆಲ್ಲ ಒಂದೇ ತೆರನಲ್ಲ. ಮೂರು ಎಕರೆಯ ಒಕ್ಕಲಿಗನೂ ಮುನ್ನೂರು ಎಕರೆ ಹುಡುಕುವ ದಲ್ಲಾಳಿಯೂ ಅದೇ ಸಾಲಿನಲ್ಲಿರಬಹುದು. ‘ಬಳಸುವವನು’ ಎಂದು ಏಕವಚನದಲ್ಲಿ ಬರೆದ ಪಟ್ಟಿ ಬಲವುಳ್ಳವನ ಕಡೆಗೆ ವಾಲುವುದು ಸಹಜ. ಇದು ನೆನಪಿನಲ್ಲಿಡಬೇಕಾದ ಮಾತು.

ಕನ್ನಡ ಓದಿಸುವವನ ಕಣ್ಣಿಗೆ ಬೀಳುವುದು ಹೆಸರಿನ ತೊಡಕು. ನಮ್ಮ ಕಡೆ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ. ಹಳೆಯ ಮೈಸೂರಿನ ಕಡೆ ಮೊದಲಕ್ಷರಗಳ ಕ್ರಮ. ಉತಾರದಲ್ಲಿ ‘ಬಸಪ್ಪ’, ಆಧಾರಿನಲ್ಲಿ ‘ಬಸವರಾಜ’, ಬ್ಯಾಂಕಿನಲ್ಲಿ ಇಂಗ್ಲಿಷಿನಿಂದ ತಿರುಗಿ ಬಂದ ಮೂರನೆಯದೊಂದು ರೂಪ. ಊರಿನವರಿಗೆ ಮೂವರೂ ಒಬ್ಬನೇ. ಯಂತ್ರಕ್ಕೆ ಮೂವರು ಮೂವರೇ. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸ ಮೊದಲಾದಾಗ ಎಷ್ಟೋ ಮನೆಗಳಿಗೆ ಇದರ ಬಿಸಿ ತಟ್ಟಿತು. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷವಾದರೂ ಉತಾರದಲ್ಲಿ ಅವನೇ ಒಡೆಯನಾಗಿ ಉಳಿದ ಹೊಲಗಳೂ ಕಡಿಮೆಯಲ್ಲ. ಮೊದಲ ಚುನಾವಣೆಯಲ್ಲಿ ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಹೇಳಿ ತಮ್ಮ ಹೆಸರನ್ನು ಹೇಳದ ಸುಮಾರು 28 ಲಕ್ಷ ಹೆಂಗಸರು ಮತದಾರರ ಪಟ್ಟಿಯಿಂದ ಹೊರಗುಳಿದರೆಂಬುದು ಪ್ರಸಿದ್ಧವಾದ ಸಂಗತಿ. ಒಂದು ನಾಡು ಹೆಸರು ಹೇಳುವ ರೀತಿಯನ್ನು ತಿಳಿಯದೆ ಮಾಡಿದ ನಮೂನೆ ಆಗಲೂ ಜನರನ್ನು ಬಿಟ್ಟುಕೊಟ್ಟಿತು, ಈಗಲೂ ಬಿಟ್ಟುಕೊಡುತ್ತದೆ.

ಕೊನೆಯದಾಗಿ ಭಾಷೆ. ‘ಖರಾಬು’, ‘ಬೋಜಾ’, ‘ಹಿಸ್ಸಾ’, ‘ಮ್ಯುಟೇಶನ್’ - ಬೇರೆ ಬೇರೆ ನುಡಿಗಳಿಂದ ಬಂದ ಈ ಮಾತುಗಳು ಕಚೇರಿಗೆ ಹೋಗಿ ಬಂದು ಮಾಡಿದ ಹಿರಿಯರಿಗೆ ತಿಳಿಯುತ್ತವೆ. ಓದುಬರಹ ಕಲಿತ ಅವರ ಮೊಮ್ಮಕ್ಕಳಿಗೆ ತಿಳಿಯುವುದಿಲ್ಲ. ಅಕ್ಷರ ಬಲ್ಲವನಿಗೆ ಅರ್ಥ ಬಾರದು, ಅರ್ಥ ಬಲ್ಲವನಿಗೆ ಅಕ್ಷರ ಬಾರದು. ಇಬ್ಬರೂ ಒಟ್ಟಿಗೆ ಕುಳಿತಾಗ ಮಾತ್ರ ಉತಾರ ಪೂರ್ತಿಯಾಗಿ ಓದಿದಂತಾಗುತ್ತದೆ. ಹನ್ನೊಂದನೆಯ ಅಂಕಣದ ‘ಬೋಜಾ’ ಎಂದರೆ ಹೊಲದ ಮೇಲಿನ ಸಾಲವೆಂದು ತಿಳಿಯದೆ ಕೊಂಡವನು ಹೊಲದೊಡನೆ ಇನ್ನೊಬ್ಬನ ಸಾಲವನ್ನೂ ಕೊಂಡಂತಾಗಬಹುದು. ಪಾರಿಭಾಷಿಕ ಶಬ್ದಗಳನ್ನು ಕಿತ್ತುಹಾಕಿ ಯಾರಿಗೂ ತಿಳಿಯದ ಸಂಸ್ಕೃತವನ್ನು ತುಂಬಬೇಕೆಂದು ನಾನು ಹೇಳುತ್ತಿಲ್ಲ. ಹಾಗೆ ಮಾಡಿದರೆ ಅಜ್ಜನೂ ಕೈಬಿಟ್ಟಂತೆಯೇ. ಆ ಶಬ್ದದ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ಅರ್ಥ ಬರೆದರೆ ಸಾಕು.

ಈಗ ಪಹಣಿಯನ್ನು ಮೊಬೈಲಿನಲ್ಲಿಯೇ ನೋಡಬಹುದು. ಕುಳಿತವನೂ ಇಲ್ಲ, ನಿಂತವನೂ ಇಲ್ಲ. ಎರಡು ಪರದೆಗಳು ಒಂದಾಗಿ ಒಕ್ಕಲಿಗನ ಅಂಗೈಗೆ ಬಂದಿವೆ. ನೂರೈವತ್ತು ವರ್ಷಕ್ಕೂ ಮಿಕ್ಕ ಈ ದಾರಿಯಲ್ಲಿ ಇದು ಸಣ್ಣ ಗೆಲುವಲ್ಲ. ಆದರೆ ಎದುರಿಗೆ ಮನುಷ್ಯನಿದ್ದಾಗ ‘ಇದೇನ್ರೀ?’ ಎಂದು ಕೇಳಲಾದರೂ ಬರುತ್ತಿದ್ದಿತು. ಕೇಳುವುದಕ್ಕೆ ಯಾರೂ ಇಲ್ಲದ ಕಡೆ ಕಾಗದವೇ ಮಾತನಾಡಬೇಕಾಗುತ್ತದೆ. ಆದುದರಿಂದ ಬೇಕು-ಬೇಡಗಳ ಪಟ್ಟಿಯ ಹೊಣೆ ಮೊದಲಿಗಿಂತ ಹೆಚ್ಚಿದೆ. ಹೊಸ ನಮೂನೆಯೊಂದಕ್ಕೆ ಬೆಂಗಳೂರಿನಲ್ಲಿ ರುಜು ಬೀಳುವ ಮೊದಲು ಮಿಶ್ರೀಕೋಟಿಯಲ್ಲಿಯೋ ತಂಬೂರಿನಲ್ಲಿಯೋ ದೇವಿಕೊಪ್ಪದಲ್ಲಿಯೋ ಹತ್ತು ಜನರನ್ನು ಕೂಡಿಸಿ, ಅದನ್ನು ಅವರ ಕೈಗೆ ಕೊಟ್ಟು, ಸುಮ್ಮನೆ ಪಕ್ಕದಲ್ಲಿ ಕುಳಿತು ನೋಡಬೇಕು. ಎಲ್ಲಿ ಅವರ ಬೆರಳು ತಡೆಯುತ್ತದೋ, ಎಲ್ಲಿ ಮೊಮ್ಮಗನ ಮುಖ ನೋಡುತ್ತಾರೋ, ಅಲ್ಲಿ ಒಂದು ಗುರುತು ಹಾಕಿಕೊಳ್ಳಬೇಕು. ಒಂದು ದಿನದ ಕೆಲಸ. ಅದನ್ನು ಮಾಡುವ ಇಲಾಖೆಗೆ ಜಿನೀವಾದ ಮಾನಕವನ್ನು ತರಿಸಿ ಓದುವ ಖರ್ಚೂ ಉಳಿದೀತು.